ಸಹಿ ಹಾಕದ ಇಂಜಿನಿಯರಮ್ಮ

"ಎಷ್ಟಾಗುತ್ತೆ ಅಂತ ಹೇಳ್ಬಿಡ್ರಿ ಮೇಡಂ."

ಅವನು ಮೆಲ್ಲಗೆ ಕೇಳಿದ. ಗಿರಣಿಯೊಳಗಿದ್ದ ಹೆಂಗಸರಿಗೆ ಕೇಳಿಸಬಾರದೆಂದು ಇನ್ನೂ ಒಂದು ಹೆಜ್ಜೆ ಹತ್ತಿರ ಬಂದು ಕೇಳಿದ.

ಅನುಸೂಯ ತಲೆಯೆತ್ತಿ ನೋಡಿದಳು. ಎಣ್ಣೆಗಪ್ಪು ಮುಖ, ಬಿಸಿಲಿಗೆ ಕೆಂಪಾದ ಕಣ್ಣು. ಕೆಟ್ಟವನ ಹಾಗೆ ಕಾಣಲಿಲ್ಲ. ಅದಕ್ಕೇ ಆ ಮಾತು ಅವಳಿಗೆ ಇನ್ನೂ ಹೆಚ್ಚು ನೋವು ಕೊಟ್ಟಿತು...

ಫೈಲು ಮುಚ್ಚಿದಳು. ಬ್ಯಾಗು ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟಳು.

ಅದು ೨೦೦೯ರ ಮಾರ್ಚ್. ಹರಿಯಬ್ಬೆಯ ಮಹಿಳಾ ಸಂಘದ ಹಿಟ್ಟಿನ ಗಿರಣಿಯ ತಾರಸಿಯ ಮೇಲೆ ಸೋಲಾರ್ ಫಲಕಗಳು ಕೂತಿದ್ದವು. ಸರ್ಕಾರ ಪ್ರಯೋಗಕ್ಕೆಂದು ಕೆಲವೇ ಕಡೆ ಕೊಟ್ಟಿದ್ದ ಯೋಜನೆ. ಹಗಲು ಗಿರಣಿಗೆ ಸಾಕಾಗಿ ಮಿಕ್ಕ ಕರೆಂಟು ಊರಿನ ಲೈನಿಗೆ ಹೋಗುತ್ತದೆ. ಹಾಗೆ ಹೋದ ಪ್ರತಿ ಯೂನಿಟ್ಟಿಗೂ ಸಂಘಕ್ಕೆ ಪ್ರೋತ್ಸಾಹಧನ. ಫಲಕಗಳ ಖರ್ಚಿನಲ್ಲೂ ಅರ್ಧ ಸಬ್ಸಿಡಿ. ಆದರೆ ತಪಾಸಣೆಯ ಸಹಿ ಬಿದ್ದ ಫೈಲು ಮಾರ್ಚ್ ಮೂವತ್ತೊಂದರ ಸಂಜೆಯೊಳಗೆ ಚಿತ್ರದುರ್ಗದ ಕಚೇರಿ ಸೇರಬೇಕು. ಇಲ್ಲದಿದ್ದರೆ ಎರಡೂ ಇಲ್ಲ.

ಆ ಸಹಿ ಹಾಕಬೇಕಾದವಳು ವಿದ್ಯುತ್ ಕಚೇರಿಯ ಜೂನಿಯರ್ ಇಂಜಿನಿಯರ್ ಅನುಸೂಯ. ಫಲಕ ಕೂರಿಸಿದವನು ಹೊಳಲ್ಕೆರೆಯ ಮಾರುತೇಶ್.

ಅವಳು ಪರೀಕ್ಷೆಗೆ ಬಂದ ಹೊತ್ತಿಗೆ ರಿಪೇರಿಗೆಂದು ಲೈನ್ ಆಫ್ ಮಾಡಿದ್ದರು. ಲೈನ್ ಹೋದ ತಕ್ಷಣ ಗಿರಣಿಯಿಂದ ಹೊರಗೆ ಹರಿಯುವ ಕರೆಂಟೂ ತಾನಾಗಿ ನಿಲ್ಲಬೇಕು. ಅದು ನಿಯಮ. ಆದರೆ ಮೀಟರಿನಾಚೆಯ ತಂತಿಗೆ ಇಟ್ಟ ಟೆಸ್ಟರ್ ಕೆಂಪಗೆ ಉರಿದಿತ್ತು.

ಕರೆಂಟ್ ಹೋದಾಗಲೂ ಒಂದೆರಡು ಬಲ್ಬು ಉರಿಯಲಿ ಎಂದು ಹೆಂಗಸರು ಕೇಳಿಕೊಂಡಿದ್ದರಂತೆ. ಮಾರುತೇಶ್ ಪ್ರೀತಿಯಿಂದ ಒಂದು ಬ್ಯಾಟರಿ ಜೋಡಿಸಿದ್ದ. ಆ ಜೋಡಣೆಯಿಂದಲೇ ಕರೆಂಟು ಊರಿನ ಲೈನಿಗೆ ಹಿಂದಕ್ಕೆ ಹರಿಯುತ್ತಿತ್ತು. ಅವಳು ಸಹಿ ಹಾಕುವುದಿಲ್ಲ ಎಂದಳು. ಆಮೇಲೆ ಸರಿಮಾಡುತ್ತೇನೆ, ಈಗ ಸಹಿ ಹಾಕಿ ಎಂದು ಅವನು ಬೇಡಿಕೊಂಡ. ಅವಳು ಜಗ್ಗಲಿಲ್ಲ. ಕಚೇರಿಗಳ ಬಾಗಿಲು ಕಾದು ಸುಸ್ತಾಗಿದ್ದ ಅವನಿಗೆ ಹೊಳೆದದ್ದು ಒಂದೇ ಅರ್ಥ, ಈಕೆಗೂ ದುಡ್ಡು ಬೇಕು...

ಅವಳು ಹೋದ ಸ್ವಲ್ಪ ಹೊತ್ತಿಗೆ ಲೈನ್‌ಮನ್ ಮೂರ್ತಪ್ಪ ಕೈ ಒರೆಸಿಕೊಳ್ಳುತ್ತ ಗಿರಣಿಯೊಳಗೆ ಬಂದ. ಸಂಘದ ಅಧ್ಯಕ್ಷೆ ಮಲ್ಲಕ್ಕ ಸಹಿ ಸಿಗದ ವಿಷಯವನ್ನು ಅವನಿಗೆ ಹೇಳಿದಳು. ಮೂರ್ತಪ್ಪ ಮಾರುತೇಶನ ಕಡೆ ತಿರುಗಿದ.

"ನೀನು ಸಹಿ ಹಾಕ್ರಿ ಅಂತಿದ್ಯಲ್ಲಪ್ಪ, ಆವಾಗ ಆ ಮುಂದಿನ ಕಂಬ ಹತ್ತುತಿದ್ದೋನು ನಾನು," ಎಂದ. "ಬಸ್ಸಿಗೆ ಹೊಂಟಿದ್ದ ಆ ಯಮ್ಮ ನನ್ನ ಕಂಡು ಓಡಿ ಬಂದು ಕೆಳಗಿಳಿಸಿದ್ಲು."

ಮಾರುತೇಶನ ಕೈಯಲ್ಲಿದ್ದ ಸ್ಪ್ಯಾನರ್ ನೆಲಕ್ಕೆ ಬಿತ್ತು.

'ನಾನು ಅವರಿಗೆ ಏನಂದುಬಿಟ್ಟೆ...'

ಮೂರು ದಿನ ಅವನಿಗೆ ಅನ್ನ ಸೇರಲಿಲ್ಲ. ಬ್ಯಾಟರಿ ಕಿತ್ತು ಹಾಕಿದ. ಅಷ್ಟು ಸಾಲದು ಅನ್ನಿಸಿತು. ಗಿರಣಿಯ ಹೊರಗಡೆ, ಲೈನ್‌ಮನ್ ತಾನೇ ಎಳೆದು ಬೀಗ ಹಾಕಿಕೊಳ್ಳುವಂಥ ಸ್ವಿಚ್ ಇರಬೇಕು. ಎಲ್ಲಿ, ಹೇಗೆ ಎಂದು ಮೂರ್ತಪ್ಪನನ್ನು ಕೇಳಿದ. ಹಿರಿಯೂರಿನಲ್ಲಿ ಚಿಕ್ಕತಿಮ್ಮಪ್ಪ ಅಂತ ಹಳೇ ಲೈನ್‌ಮನ್ ಇದ್ದಾರೆ, ಅವರಷ್ಟು ತಿಳಿದವರು ಇಲ್ಲ ಎಂದು ಅವನು ಕಳಿಸಿಕೊಟ್ಟ. ಬೇರೇನೂ ಹೇಳಲಿಲ್ಲ.

ಅಂದು ಸಂಜೆ ಅನುಸೂಯ ಕೆಲಸ ಮುಗಿಸಿ ಮನೆಗೆ ಬಂದಾಗ ಜಗುಲಿಯ ಮೇಲೆ ಅವಳ ಅಪ್ಪನ ಪಕ್ಕ ಮಾರುತೇಶ್ ಕೂತಿದ್ದ! ಕೈಯಲ್ಲಿ ಟೀ ಲೋಟ, ತೊಡೆಯ ಮೇಲೆ ಒಂದು ನೋಟ್‌ಬುಕ್.

ಅವಳ ಮೈಯೆಲ್ಲ ಉರಿದುಹೋಯಿತು. ದುಡ್ಡಿಗೆ ಬಗ್ಗಲಿಲ್ಲ ಅಂತ ಅಪ್ಪನನ್ನು ಹಿಡಿದನಾ?

"ಎದ್ದೇಳ್ರಿ. ಫೈಲಿನ ಮಾತು ಕಚೇರಿಯಾಗೆ. ನಮ್ಮ ಮನಿಗೆ ಬರಬ್ಯಾಡ್ರಿ."

ಅವನು ಎದ್ದು ನಿಂತ. ಅವಳನ್ನು ನೋಡಿದ, ಚಿಕ್ಕತಿಮ್ಮಪ್ಪನನ್ನು ನೋಡಿದ. ಮೊಣಕೈಯ ಕೆಳಗೆ ಖಾಲಿಯಾಗಿ ಮಡಿಚಿದ್ದ ಅವರ ಅಂಗಿಯ ಬಲತೋಳನ್ನು ನೋಡಿದ. ಮುಖ ಬಿಳುಚಿಕೊಂಡಿತು. ಅವರ ಕಾಲು ಮುಟ್ಟಿ ನಮಸ್ಕರಿಸಿ ಹೊರಟುಹೋದ.

ಅಪ್ಪ ಮಗಳನ್ನು ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡರು.

"ನೀನು ನನ್ನ ಮಗಳು ಅಂತ್ಲೇ ಆ ಹುಡುಗಂಗೆ ಗೊತ್ತಿರ್ಲಿಲ್ಲ ಕಣವ್ವ. ಕಂಬ ಹತ್ತೋನಿಗೆ ಅನುಕೂಲ ಆಗಂಗೆ ಸ್ವಿಚ್ ಎಲ್ಲಿ ಇಡಾಣ ಅಂತ ಕೇಳಾಕೆ ಬಂದಿದ್ದ. ಕೈ ಹೋಗಿ ಎಂಟು ವರ್ಷ ಆತು... ಹಿಂಗೆ ಬಂದು ಕೇಳಿದೋನು ಅವನೊಬ್ನೇ."

ಎಂಟು ವರ್ಷದ ಹಿಂದೆ ಲೈನ್ ಆಫ್ ಇದೆ ಎಂದು ನಂಬಿ ಅಪ್ಪ ಕಂಬ ಹತ್ತಿದ್ದರು. ಯಾವುದೋ ಅಂಗಡಿಯ ಜನರೇಟರಿನ ಕರೆಂಟು ಹಿಂದಕ್ಕೆ ಹರಿದು ಬಂದಿತ್ತು. ಆಗ ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿದ್ದ ಅನುಸೂಯ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಶಪಥ ಮಾಡಿದ್ದಳು. ಓದಿ ಇದೇ ಇಲಾಖೆಗೆ ಸೇರುತ್ತೇನೆ. ಆದರೆ ತಂತಿ ಮುಟ್ಟಿ ದುಡಿಯುವವನನ್ನು ಮಾತ್ರ ಮದುವೆಯಾಗುವುದಿಲ್ಲ. ಅವ್ವ ದಿನಾ ಬಾಗಿಲಲ್ಲಿ ನಿಂತು ಕಾದ ಹಾಗೆ ನಾನು ಕಾಯಲಾರೆ...

ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಮದುವೆಯ ಯೋಚನೆ ಈಗ ಯಾಕೆ ಬಂತು ಎಂದು ತನ್ನ ಮೇಲೇ ಸಿಟ್ಟು ಬಂತು.

ಮಾರ್ಚ್ ಮೂವತ್ತೊಂದು ಬಂದೇಬಿಟ್ಟಿತು. ಮಾರುತೇಶನಿಂದ ಫೋನಿಲ್ಲ. ಬೆಳಿಗ್ಗೆ ಅವಳೇ ಮಲ್ಲಕ್ಕನಿಗೆ ಫೋನ್ ಮಾಡಿದಳು. ಸ್ವಿಚ್ ನಿನ್ನೆಯೇ ಕೂರಿಸಿದ್ದಾನೆ, ಆದರೆ ಇಂಜಿನಿಯರಮ್ಮನ ಮುಂದೆ ನಿಲ್ಲೋಕೆ ನನಗೆ ಮುಖ ಇಲ್ಲ ಅಂತಾನೆ, ಬೇರೆ ಯಾರಾದರೂ ಕರೆಯಲಿ ಅಂತಾನೆ ಎಂದು ಮಲ್ಲಕ್ಕ ಹೇಳಿದಳು. ಅನುಸೂಯ ಮೊದಲ ಬಸ್ಸು ಹತ್ತಿದಳು.

ಗಿರಣಿಯ ಹೊರಗೋಡೆಯ ಮೇಲೆ, ಕಂಬದಿಂದ ನೇರ ಕಾಣುವ ಹಾಗೆ, ಕೆಂಪು ಹಿಡಿಕೆಯ ಸ್ವಿಚ್ ಇತ್ತು. ಎಳೆದರೆ ಒಳಗಿನ ತಾಮ್ರದ ಪಟ್ಟಿ ಬಿಟ್ಟುಕೊಂಡದ್ದು ಕಣ್ಣಿಗೇ ಕಾಣುತ್ತಿತ್ತು. ಕಚೇರಿಯ ಅನುಮತಿಗೆ ಮಧ್ಯಾಹ್ನದವರೆಗೆ ಕಾದು ಅವಳು ಲೈನ್ ಆಫ್ ಮಾಡಿಸಿದಳು. ಟೆಸ್ಟರ್ ಇಟ್ಟಳು. ಉರಿಯಲಿಲ್ಲ. ಮೂರು ಸಲ ಇಟ್ಟಳು. ನಂತರ ಸಹಿ ಹಾಕಿದಳು.

ಆಗಲೇ ಮಧ್ಯಾಹ್ನ ಎರಡು ಗಂಟೆ. ಬಸ್ಸಿಗೆ ಕಾದರೆ ಚಿತ್ರದುರ್ಗ ಮುಟ್ಟುವಂತಿರಲಿಲ್ಲ. ಮಾರುತೇಶ್ ಬೈಕ್ ಹೊರತೆಗೆದ. ಮಲ್ಲಕ್ಕ ಫೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅನುಸೂಯಳ ಮಡಿಲಿಗಿಟ್ಟು, ಬಿಗಿಯಾಗಿ ಹಿಡ್ಕಳವ್ವ ಎಂದಳು. ಫೈಲನ್ನೋ ಬೈಕ್ ಸವಾರನನ್ನೋ ಹೇಳಲಿಲ್ಲ.

ಬೈಕ್ ಹಿರಿಯೂರು ದಾಟಿತು. ಆಮೇಲೆ ಗಾಳಿಯ ಸದ್ದಿನ ನಡುವೆ ಅವನೇ ಹೇಳಿದ, ಆ ದಿನ ತಪ್ಪಾಯಿತು, ಕ್ಷಮಿಸಿ ಎಂದು ಕೇಳುವ ಯೋಗ್ಯತೆಯೂ ನನಗಿಲ್ಲ ಎಂದು. ನಾನೂ ಮನೆಯಿಂದ ಎಬ್ಬಿಸಿ ಕಳಿಸಿದೆನಲ್ಲ, ಇಬ್ಬರದೂ ಸಮ ಎಂದಳು ಅವಳು. ಐದಕ್ಕೆ ಹತ್ತು ನಿಮಿಷವಿರುವಾಗ ಫೈಲು ಕಚೇರಿಯ ಮೇಜಿನ ಮೇಲಿತ್ತು.

ಆಮೇಲೆ ಮಾರುತೇಶ್ ಭಾನುವಾರಗಳಲ್ಲಿ ಹಿರಿಯೂರಿಗೆ ಬರತೊಡಗಿದ. ಹೊಸದುರ್ಗದ ಕೆಲಸಕ್ಕೆ ಒಂದು ಸಲಹೆ, ಹೊಳಲ್ಕೆರೆಯ ಕೆಲಸಕ್ಕೆ ಇನ್ನೊಂದು. ಚಿಕ್ಕತಿಮ್ಮಪ್ಪ ಬಾಯಿ ತುಂಬ ಮಾತಾಡುವುದನ್ನು ಅನುಸೂಯ ಎಷ್ಟೋ ವರ್ಷದ ಮೇಲೆ ಕೇಳಿದಳು. ಒಳಮನೆಯಲ್ಲಿ ಟೀ ಸೋಸುತ್ತ ಸುಮ್ಮನೆ ನಗುತ್ತಿದ್ದಳು.

ಆಗಸ್ಟಿನಲ್ಲಿ ಸಂಘಕ್ಕೆ ಮೊದಲ ಪ್ರೋತ್ಸಾಹಧನದ ಚೆಕ್ಕು ಬಂತು. ಅದನ್ನು ಪಡೆಯಲು ಮಲ್ಲಕ್ಕನ ಜೊತೆ ಇಬ್ಬರೂ ಚಿತ್ರದುರ್ಗಕ್ಕೆ ಹೋದರು. ಕೆಲಸ ಮುಗಿದ ಮೇಲೆ ಮಲ್ಲಕ್ಕ ತಂಗಿಯ ಮನೆಗೆ ಹೋದಳು. ಬಸ್ಸಿಗೆ ಹೊತ್ತಿತ್ತು. ಇಬ್ಬರೂ ಚಂದ್ರವಳ್ಳಿಯ ಕೆರೆಯ ದಡದಲ್ಲಿ ಕೂತರು.

ಅವಳು ತನ್ನ ಶಪಥವನ್ನು ಅವನಿಗೆ ಹೇಳಿದಳು. ಅವ್ವ ಬಾಗಿಲಲ್ಲಿ ಕಾದದ್ದನ್ನು, ಆಸ್ಪತ್ರೆಯ ಬೆಂಚನ್ನು, ಎಲ್ಲವನ್ನೂ.

"ಕೆಲಸ ಬಿಡ್ತೀನಿ ಅಂತ ನಾನು ಹೇಳಲ್ಲ. ಸುಳ್ಳಾಗುತ್ತೆ," ಎಂದ. "ಆದ್ರೆ ತಂತಿ ಮುಟ್ಟೋಕೆ ಮುಂಚೆ ಪ್ರತಿಸಲ ನಿಮ್ಮ ಮುಖ ನೆನಪಾಗುತ್ತೆ. ಹಂಗಾಗಿ ಎರಡು ಸಲ ನೋಡ್ತೀನಿ. ಇಷ್ಟೇ ನನ್ ಹತ್ರ ಇರೋದು."

ಅವಳ ಕಣ್ಣು ತುಂಬಿತು. ಇಷ್ಟು ವರ್ಷ ತಾನು ಹೆದರಿದ್ದು ತಂತಿಗಲ್ಲ, ಅಜಾಗರೂಕತೆಗೆ ಎಂದು ಅವಳಿಗೆ ಆಗ ತಿಳಿಯಿತು.

"ಮುಂದಿನ ವಾರ ನಿಮ್ಮವ್ವನ್ನೂ ಕರ್ಕೊಂಡು ಬರ್ರಿ," ಎಂದಳು.

"ಏನು ಹೇಳಿ ಕರ್ಕೊಂಡು ಬರ್ಲಿ?"

ಅವಳು ಕೆರೆಯ ಕಡೆ ಮುಖ ತಿರುಗಿಸಿದಳು. ಕೈ ಮಾತ್ರ ಮೆಲ್ಲಗೆ ಅವನ ಕೈಯ ಮೇಲೆ ಬಂದು ಕೂತಿತು.

"ಹುಡುಗಿ ಒಪ್ಪಿಯಾಗೈತೆ, ನೀನು ನೋಡಾಕೆ ಬಾ ಸಾಕು ಅಂತ ಹೇಳ್ರಿ."