ರಜಾಯಿ ಒಣಗುವ ಬಾಲ್ಕನಿ

ಮಳೆ ಬಿಟ್ಟ ಮೊದಲ ಬೆಳಿಗ್ಗೆ ವುಹಾನ್‌ನಲ್ಲಿ ಎಲ್ಲರೂ ರಜಾಯಿ ಒಣಹಾಕುತ್ತಾರೆ. ಮುಗ್ಗಲು ವಾಸನೆಗೆ ಆ ಊರಿಗೆ ಗೊತ್ತಿರುವ ಮದ್ದು ಬಿಸಿಲೊಂದೇ.

ಶೆಂಗ್ ಯಾನ್ ಟ್ಯಾಬ್ಲೆಟ್ ಹಿಡಿದು ಲಿಫ್ಟಿನಿಂದ ಹೊರಬಂದಳು. ಕಡಿಮೆ ವಿದ್ಯುತ್ ಬಳಸುವ ಕಟ್ಟಡವೆಂದು ಇದಕ್ಕೆ ಕೊಟ್ಟಿದ್ದ ಹಸಿರು ಮಾನ್ಯತೆ ಉಳಿಯಬೇಕೋ ಬೇಡವೋ ಎಂದು ಅವಳು ವರದಿ ಕೊಡಬೇಕಿತ್ತು. ಬಿಸಿಲು ಬಿದ್ದ ಕೂಡಲೇ ಬಾಲ್ಕನಿಯ ಅಲ್ಯೂಮಿನಿಯಂ ಪಟ್ಟಿಗಳು ತಾವಾಗಿ ಮುಚ್ಚಿಕೊಂಡು ಮನೆಯನ್ನು ತಂಪಾಗಿಡಬೇಕು. ಒಂದೂ ಮುಚ್ಚಿರಲಿಲ್ಲ. ಎಲ್ಲವನ್ನೂ ತೆರೆದೇ ಇರುವಂತೆ ನೈಲಾನ್ ಹಗ್ಗದಿಂದ ಎಳೆದು ಕಟ್ಟಿ, ನಡುವೆ ರಜಾಯಿ ತೂಗುಬಿಟ್ಟಿದ್ದರು. ಒಳಗೆ ಏಸಿಗಳು ಗುಂಯ್ ಎನ್ನುತ್ತಿದ್ದವು.

ಕೊನೆಯ ಬಾಲ್ಕನಿಯಲ್ಲಿ ಗಂಟು ಹಾಕುತ್ತಿದ್ದವನು ಕೌ ಮಿಂಗ್‌ಝೆ. ಕಟ್ಟಡದ ವಿನ್ಯಾಸ ಅವನದೇ.

"ನೀನೇ ಕಟ್ತಿದೀಯಲ್ಲೋ!"

"ಪೆಂಗ್ ಅಜ್ಜಿಗೆ ಕೈ ಎಟುಕಲ್ಲ, ಇಂಜಿನಿಯರ್ ಮೇಡಂ."

"ಮಳೆ ಕಾಣದ ಲಾಂಝೌ ಊರವನು!" ಅಜ್ಜಿ ಒಳಗಿನಿಂದ ಕೂಗಿದಳು. "ರಜಾಯಿಗೆ ಬೂಷ್ಟು ಹಿಡಿಯುತ್ತೆ ಅಂತ ಇವನಿಗೇನು ಗೊತ್ತು? ಒಂದು ಗಳ ಸಿಗಿಸೋಕೂ ಜಾಗ ಬಿಟ್ಟಿಲ್ಲ. ಇಷ್ಟು ಓದಿದಾನಂತೆ!"

ಮಿಂಗ್‌ಝೆ ನಕ್ಕ. ಅವನ ಕಾಲರ್ ಬೆವರಿಗೆ ಒದ್ದೆಯಾಗಿತ್ತು. ಯಾನ್ ಅದನ್ನು ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. ವಿನ್ಯಾಸದ ಮೊದಲ ಸಭೆಯಿಂದಲೂ ಅವರಿಬ್ಬರಿಗೆ ಜಗಳ. ಅದನ್ನು ಮುಗಿಸುವ ಮನಸ್ಸು ಇಬ್ಬರಿಗೂ ಇರಲಿಲ್ಲ.

ಶೆಂಝೆನ್‌ನ ಕಂಪನಿಯೊಂದು ಅವನನ್ನು ಕೆಲಸಕ್ಕೆ ಕರೆದಿತ್ತು. ಷರತ್ತು ಒಂದೇ: ಈ ಕಟ್ಟಡದ ಮಾನ್ಯತೆ ಉಳಿಯಬೇಕು. ಅವಳು ಕಂಡದ್ದನ್ನು ಬರೆದರೆ ಮಾನ್ಯತೆ ಹೋಗುತ್ತದೆ, ಅವನು ವುಹಾನ್ ಬಿಟ್ಟು ಹೋಗುವುದಿಲ್ಲ. ಅವಳಿಗೆ ಬೇಕಾಗಿದ್ದೂ ಅದೇ. ಪರದೆಯ ಮೇಲೆ ಅವಳ ಬೆರಳು ನಿಂತುಬಿಟ್ಟಿತು.

"ಬರೀ," ಎಂದ ಅವನು. "ಹಗ್ಗ ಅಂತೂ ಬಿಚ್ಚಲ್ಲ. ತಪ್ಪು ನಂದೇ."

"ನಾನು ಬರೆಯೋ ಹಾಗಿಲ್ಲ."

"ನನ್ನ ಮೇಲೆ ಕನಿಕರಾನಾ?"

"ಕನಿಕರ ಆಗಿದ್ರೆ ಸುಲಭ ಇತ್ತು."

ಅವಳು ಅಲ್ಲೇ ನಿಂತು ಆಫೀಸಿಗೆ ಫೋನ್ ಮಾಡಿದಳು. "ಸರ್, ಈ ತಪಾಸಣೆಗೆ ಬೇರೆಯವರನ್ನ ಕಳಿಸಿ. ನಾನು ಮಾಡಬಾರದು."

"ಯಾಕಮ್ಮ? ಅಲ್ಲಿ ನಿನ್ನ ಸಂಬಂಧಿಕರಿದಾರಾ?"

"ಇಲ್ಲ. ವಿನ್ಯಾಸ ಮಾಡಿದವನನ್ನ ಪ್ರೀತಿಸ್ತೀನಿ."

ಅಜ್ಜಿಯ ಮನೆಯೊಳಗೆ ಪಾತ್ರೆಯ ಸದ್ದು ನಿಂತಿತು. ಫೋನಿನಲ್ಲಿ ಯಾರೋ ಕೆಮ್ಮಿದರು.

"ಇದನ್ನ ಫೈಲಲ್ಲಿ ಹೇಗೆ ಬರೀಲಿ ನಾನು? ಆ ಹುಡುಗನಿಗೆ ವಿಷಯ ಗೊತ್ತೋ?"

ಮಿಂಗ್‌ಝೆ ಹಗ್ಗದ ತುದಿ ಹಿಡಿದು ಹಾಗೇ ನಿಂತಿದ್ದ. ಮುಂದೇನು ಮಾಡಬೇಕೆಂಬುದನ್ನೇ ಅವನ ಕೈಗಳು ಮರೆತಂತಿತ್ತು.

"ಈಗ ಗೊತ್ತಾಯ್ತು, ಸರ್."

"ಏನಂತಾನೆ?"

ಅವಳು ಅವನತ್ತ ನೋಡಿದಳು. ಅವನು ಗಂಟು ಬಿಗಿದು ಅವಳತ್ತ ತಿರುಗಿದ.

"ಹೇಳು ಅವರಿಗೆ. ಮಾನ್ಯತೆ ಉಳಿದರೂ ಶೆಂಝೆನ್‌ಗೆ ಹೋಗಲ್ಲ ಅಂತ."

ಅವಳು ವರದಿ ಓದುವ ದನಿಯಲ್ಲಿ, ಒಂದೊಂದೇ ಪದ, ಹಾಗೇ ಒಪ್ಪಿಸಿದಳು. ಕೊನೆಯ 'ಹೋಗಲ್ಲ' ಎಂಬ ಪದಕ್ಕೆ ಬಂದಾಗ ಮಾತ್ರ ಆ ದನಿ ಅವಳಿಗೆ ಸಿಗಲಿಲ್ಲ.