ರಜೆಯ ದಿನ ಅಳೆದ ಗಾಳಿ

ಕೊಳ್ಳಲೆಂದೇ ಅಂಗಡಿಗೆ ಹೋದವಳ ಮುಖಕ್ಕೆ ಹೊಡೆದ ಹಾಗೆ ‘ಇದನ್ನ ನಿಮಗೆ ಕೊಡಲ್ಲ’ ಅಂದುಬಿಟ್ಟರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ಅದರಲ್ಲೂ ಹೋದವಳು ಸೂಜಿ. ಬಟ್ಟೆ ಹೊಲಿಯುವುದು ಅವಳ ಕಸುಬು, ಕೋಪವೋ ಮೂಗಿನ ತುದಿಯಲ್ಲೇ. ಎರಡನ್ನೂ ಲೆಕ್ಕಕ್ಕೆ ಹಿಡಿದು ದೊಡ್ಡಮ್ಮ ಇಟ್ಟ ಹೆಸರು ಅದು. ಊರೆಲ್ಲ ಹಾಗೇ ಕರೆಯುತ್ತಿತ್ತು.

“ಆ ದೊಡ್ಡ ಸೀಲಿಂಗ್ ಫ್ಯಾನ್ ಪ್ಯಾಕ್ ಮಾಡಿ,” ಅಂದಿದ್ದಳು ಅವಳು.

ಫ್ಯಾನ್ ಅಂಗಡಿಯವನು ಏಣಿಯ ಮೇಲೆ ನಿಂತು ರೆಕ್ಕೆ ಒರೆಸುತ್ತಿದ್ದ. “ಯಾವ ರೂಮಿಗೆ?”

“ನಡುವಿನ ರೂಮಿಗೆ.”

“ಈಗ ಅಲ್ಲಿ ಫ್ಯಾನ್ ಇಲ್ವಾ?”

“ಇದೆ. ಸಾಲ್ತಿಲ್ಲ.”

“ಕಿಟಕಿ?”

“ಕಿಟಕಿ ಇದ್ದಿದ್ರೆ ನಿಮ್ಮ ಹತ್ರ ಯಾಕ್ರೀ ಬರ್ತಿದ್ದೆ?”

ಅವನು ನಿಧಾನಕ್ಕೆ ಏಣಿ ಇಳಿದ. ಕೈ ಒರೆಸಿಕೊಂಡ. ಆಮೇಲೆ ಆ ಮಾತು ಹೇಳಿದ. “ಹಾಗಾದ್ರೆ ಇದನ್ನ ನಿಮಗೆ ಕೊಡಲ್ಲ. ಕಿಟಕಿ ಇಲ್ಲದ ರೂಮಲ್ಲಿ ಎಷ್ಟು ದೊಡ್ಡ ಫ್ಯಾನ್ ಹಾಕಿದ್ರೂ ಇದ್ದ ಬಿಸಿಗಾಳೀನೇ ಸುತ್ತಿಸ್ತಾ ಇರುತ್ತೆ. ಗಾಳಿಗೆ ಬರೋಕೊಂದು ದಾರಿ, ಹೋಗೋಕೊಂದು ದಾರಿ ಬೇಕು. ನಾನು ಮನೆ ನೋಡ್ಬೇಕು.”

“ನಾನು ಕೇಳಿದ್ದು ಫ್ಯಾನು, ಪಾಠ ಅಲ್ಲ.”

“ರಜೆ ದಿನ ಬರ್ಲಾ? ಅವತ್ತು ನಿಮಗೂ ರಜೆ ಅಲ್ವಾ?”

ಕೇಳಿದ್ದು ಅಷ್ಟೇ, ಆದರೆ ಅವನ ಕಣ್ಣು ಅವಳ ಮುಖದ ಮೇಲಿರಲಿಲ್ಲ. ಕಿವಿಯ ಪಕ್ಕ ಕೂದಲಿಗೆ ಸಿಕ್ಕಿಕೊಂಡಿದ್ದ ಹಳದಿ ದಾರದ ತುಂಡಿನ ಮೇಲಿತ್ತು. ತುಟಿಯ ಒಂದು ತುದಿಯಲ್ಲಿ ಮಾತ್ರ ನಗು. ಸೂಜಿ ದಾರವನ್ನು ಕಿತ್ತು ಕೌಂಟರಿನ ಮೇಲೆ ಎಸೆದು ಹೊರಟಳು. ಬೀದಿಯ ತಿರುವಿಗೆ ಬಂದ ಮೇಲೆ ನೆನಪಾಯಿತು, ಸಿಟ್ಟಿನ ಭರದಲ್ಲಿ ವಿಳಾಸವನ್ನೂ ಹೇಳಿ ಬಂದಿದ್ದಳು.

ಇಷ್ಟು ಸಿಟ್ಟಿಗೆ ಕಾರಣವಿತ್ತು. ಅವಳದು ಸಾಲಾಗಿ ಮೂರು ಕೋಣೆಯ ಮನೆ. ಬೀದಿಯ ಕಡೆಯ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಇಸ್ತ್ರಿ ಮೇಜು, ಬಂದು ಹೋಗುವ ಗಿರಾಕಿಗಳು. ಹಿಂದುಗಡೆ ಅಡುಗೆಮನೆ. ನಡುವಿನ ಕಿಟಕಿಯಿಲ್ಲದ ಕೋಣೆಯಲ್ಲಿ ದೊಡ್ಡಮ್ಮ. ಅಮ್ಮ ತೀರಿಹೋದಾಗ ಸೂಜಿಯನ್ನು ಸೊಂಟಕ್ಕೆ ಎತ್ತಿಕೊಂಡು ಬಂದು ಸಾಕಿದವಳು. ಕಾಲವೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಜೋಡಿಸಿದವಳು. ಕಿವಿ ಈಗಲೂ ಚುರುಕು, ಉಸಿರು ಮಾತ್ರ ಕೈಕೊಟ್ಟಿತ್ತು. ಸೆಕೆ ಏರಿದರೆ ಎದೆ ಕಟ್ಟುತ್ತಿತ್ತು.

ದೊಡ್ಡಮ್ಮನ ಮಗ, ಸೂಜಿ ಅಣ್ಣ ಅನ್ನುತ್ತಿದ್ದವನು, ಕಟ್ಟುನಿಟ್ಟಾಗಿ ಹೇಳಿ ಹೋಗಿದ್ದ: “ಈ ಬೇಸಿಗೇಲಿ ಅಮ್ಮನಿಗೆ ಇನ್ನೊಂದ್ಸಲ ಉಸಿರು ಕಟ್ಟಿದ್ರೆ ನಾನು ಕರ್ಕೊಂಡು ಹೋಗೋದೇ. ಆಮೇಲೆ ಅಳಬೇಡ.” ಅವನ ಊರು ದೂರ. ಅವನ ಹತ್ತನೇ ಮಹಡಿಯ ಮನೆಯಲ್ಲಿ ಗಾಳಿಗೇನೋ ಬರವಿಲ್ಲ, ಮಾತಾಡಲು ಹಗಲೆಲ್ಲ ಒಂದು ನರಪಿಳ್ಳೆಯೂ ಇರುವುದಿಲ್ಲ. ದೊಡ್ಡಮ್ಮ ಅಲ್ಲಿ ಹೇಗೆ ಬಾಳುತ್ತಾಳೆ? ಹೋಗಲಿ, ದೊಡ್ಡಮ್ಮ ಇಲ್ಲದ ಈ ಮನೆಯಲ್ಲಿ ತಾನು ಹೇಗೆ ಬಾಳುತ್ತೇನೆ? ಸೂಜಿಗೆ ಆ ಯೋಚನೆ ಬಂದರೆ ಸಾಕು, ಹೊಲಿಗೆ ಸೊಟ್ಟಗಾಗುತ್ತಿತ್ತು. ಅಂಥವಳಿಗೆ ಇವನು ಫ್ಯಾನ್ ಕೊಡಲ್ಲ ಅನ್ನುತ್ತಾನೆ.

ರಜೆಯ ದಿನ ಅವನು ಬಂದ. ಇಸ್ತ್ರಿ ಆರಿತ್ತು, ಮಿಷನ್ನಿಗೆ ಹೊದಿಕೆ ಬಿದ್ದಿತ್ತು. ಮನೆ ತಂಪಾಗಿ, ಗುಡಿಸಿ ಒರೆಸಿ ಲಕ್ಷಣವಾಗಿತ್ತು. ಸೂಜಿಯೂ ಅಷ್ಟೇ, ತಲೆಗೆ ಸ್ನಾನ ಮಾಡಿ ಕೂದಲು ಹರವಿಕೊಂಡಿದ್ದಳು. ಅವನು ಬಾಗಿಲು ಬಾಗಿಲಿಗೂ ನಿಂತು ಅಂಗೈ ಚಾಚಿ ಗಾಳಿ ನೋಡಿದ. ನೋಡುವ ನೆಪದಲ್ಲಿ ಕೇಳಿದ್ದು ಮಾತ್ರ ಬೇರೇನೇನೋ. ಹೊಲಿಗೆ ಯಾರು ಕಲಿಸಿದ್ದು? ಯಾವ ಬಣ್ಣ ಇಷ್ಟ? ಕೊಟ್ಟ ಉತ್ತರಕ್ಕೆಲ್ಲ ಅದೇ ತುಟಿಯಂಚಿನ ನಗು.

“ಗಾಳಿ ನೋಡೋಕೆ ನನ್ನ ಇಷ್ಟ ಯಾಕ್ರೀ ಬೇಕು?” ಅಂದಳು ಸೂಜಿ.

“ಎಲ್ಲಾ ಒಂದಕ್ಕೊಂದು ಸೇರಿರುತ್ತೆ,” ಅಂದ.

“ನಿಮ್ಮ ತಲೆ.”

ಒಳಗಿಂದ ದೊಡ್ಡಮ್ಮ ಕೂಗಿದಳು, “ಗಾಳಿರಾಯರಿಗೆ ಕುಡಿಯೋಕೆ ಏನಾದ್ರೂ ಕೊಡೇ.” ಆವತ್ತಿನಿಂದ ಅವನಿಗೂ ಅದೇ ಹೆಸರು ಅಂಟಿಕೊಂಡಿತು.

ಗಾಳಿರಾಯ ಎರಡು ಫ್ಯಾನ್ ಗೊತ್ತುಮಾಡಿದ. ಒಂದು, ಬೀದಿ ಕೋಣೆಗೂ ನಡುವಿನ ಕೋಣೆಗೂ ಮಧ್ಯದ ಗೋಡೆಯಲ್ಲಿ, ಬಾಗಿಲ ಮೇಲೆ ಚೌಕಾಕಾರದ ತೂತು ಕೊರೆದು ಕೂರಿಸುವಂಥದ್ದು. ಬೀದಿಯ ದೊಡ್ಡ ಕಿಟಕಿಯಿಂದ ಬಂದ ಗಾಳಿಯನ್ನು ಅದು ದೊಡ್ಡಮ್ಮನ ಕಡೆ ತಳ್ಳುತ್ತದೆ. ಇನ್ನೊಂದು ಅಡುಗೆಮನೆಯಲ್ಲಿ, ಬಿಸಿಗಾಳಿಯನ್ನು ಹಿಂದುಗಡೆಗೆ ಎಳೆದುಹಾಕುವ ಎಕ್ಸಾಸ್ಟ್ ಫ್ಯಾನ್. ಮುಂದಿನ ರಜೆಗೆ ಬಂದು ಎರಡನ್ನೂ ಕೂರಿಸಿದ. ಸ್ವಿಚ್ಚು ಹಾಕಿದ ಕೂಡಲೇ ದೊಡ್ಡಮ್ಮನ ಹಣೆಯ ಕೂದಲು ಹಾರಿತು. “ಅಯ್ಯೋ, ಎಷ್ಟು ಹಿತವಾಗಿದೆ ಕಣೇ,” ಅಂದಳು ಅವಳು. ಸೂಜಿ ಅವನ ಕಡೆ ನೋಡಿ, ಅಪರೂಪಕ್ಕೆ, ನಕ್ಕಳು. ಅವನು ಇಳಿಯಲು ಹೋಗಿ ಏಣಿಯ ಒಂದು ಮೆಟ್ಟಿಲು ತಪ್ಪಿ ಎಡವಿದ.

ಮಾರನೆಯ ದಿನ ಕೆಲಸದ ದಿನ. ಇಸ್ತ್ರಿ ಕಾಯಿತು, ಹಬೆ ಎದ್ದಿತು, ಕತ್ತರಿಸಿದ ಬಟ್ಟೆಯ ನಯವಾದ ಧೂಳು ಕೋಣೆ ತುಂಬಾ ಹಾರಿತು. ಗೋಡೆಯ ಫ್ಯಾನ್ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತು. ಹಬೆಯನ್ನೂ ಧೂಳನ್ನೂ ಗುಡ್ಡೆಹಾಕಿ ದೊಡ್ಡಮ್ಮನ ಮುಖಕ್ಕೇ ಊದಿತು. ಮಿಷನ್ನಿನ ಸದ್ದಿನಲ್ಲಿ ಸೂಜಿಗೆ ಏನೂ ಕೇಳಿಸಲಿಲ್ಲ. ಕೇಳಿಸುವ ಹೊತ್ತಿಗೆ ದೊಡ್ಡಮ್ಮ ಕೆಮ್ಮಿ ಕೆಮ್ಮಿ ಮಂಚದ ಅಂಚು ಹಿಡಿದು ಬಾಗಿದ್ದಳು, ಕಣ್ಣಲ್ಲಿ ನೀರು. ಫ್ಯಾನ್ ಆರಿಸಿ, ಬಿಸಿನೀರು ಕುಡಿಸಿ, ಬೆನ್ನು ನೀವುತ್ತಿರುವಾಗಲೇ ಅಣ್ಣನ ಫೋನು. ಕೆಮ್ಮು ಅವನಿಗೂ ಕೇಳಿಸಿತು.

“ನಾಳೆ ಬರ್ತಿದ್ದೀನಿ,” ಅಂದ ಅಣ್ಣ. “ಬಟ್ಟೆ ಜೋಡಿಸಿಡು.”

ಸೂಜಿ ಜೋಡಿಸಲಿಲ್ಲ. ಮಾರನೆಯ ಬೆಳಿಗ್ಗೆ ಅಣ್ಣ ಬಂದು ತಾನೇ ಜೋಡಿಸತೊಡಗಿದ. ದೊಡ್ಡಮ್ಮನ ಶಾಲು ಚೀಲದೊಳಗೆ ಹೋಗುವುದನ್ನು ನೋಡುತ್ತ ನಿಂತವಳು ಇದ್ದಕ್ಕಿದ್ದಂತೆ ಚಪ್ಪಲಿ ಮೆಟ್ಟಿ ಹೊರಟಳು. ಅಳತೆಯ ಟೇಪು ಕೊರಳಲ್ಲೇ ಇತ್ತು, ಬೆವರಿಗೆ ರವಿಕೆ ಬೆನ್ನಿಗಂಟಿತ್ತು.

ಅಂಗಡಿಯಲ್ಲಿ ಗಂಡ ಹೆಂಡತಿ ಇಬ್ಬರು ಫ್ಯಾನಿನ ಬೆಲೆಗೆ ಚೌಕಾಸಿ ನಡೆಸಿದ್ದರು. ಸೂಜಿ ಅವರಿಗೇ ಹೇಳಿದಳು, “ಇಲ್ಲಿ ತಗೋಬೇಡಿ. ಇವರು ಗಾಳಿ ಕೊಡಲ್ಲ, ಇದ್ದ ಉಸಿರೂ ಕಿತ್ಕೋತಾರೆ.” ಆಮೇಲೆ ಅವನ ಕಡೆ ತಿರುಗಿದಳು. “ಮನೆ ನೋಡದೆ ಕೊಡಲ್ಲ ಅಂದ್ರಲ್ಲ, ದೊಡ್ಡ ಮನುಷ್ಯರು. ಏನ್ ನೋಡಿದ್ರಿ? ಇಸ್ತ್ರಿ ಮೇಜು ಕಾಣಲಿಲ್ವಾ? ನಾನು ಹೊಟ್ಟೆಪಾಡಿಗೆ ಏನ್ಮಾಡ್ತೀನಿ ಅಂತ ಗೊತ್ತಿರಲಿಲ್ವಾ? ಹಬೆ, ಧೂಳು ಎಲ್ಲಾ ನಮ್ಮ ದೊಡ್ಡಮ್ಮನ ಎದೆಗೆ ಹೋಯ್ತು. ಈಗ ಅಣ್ಣ ಕರ್ಕೊಂಡು ಹೋಗ್ತಿದ್ದಾನೆ. ಇನ್ನು ನನಗ್ಯಾರಿದ್ದಾರೆ, ನಿಮ್ಮ ಎಕ್ಸಾಸ್ಟ್ ಫ್ಯಾನಾ?”

ಅವನ ಮುಖ ಬಿಳಿಚಿಕೊಂಡಿತ್ತು. ಬಾಯಿಂದ ಮೊದಲು ಬಂದ ಮಾತು, “ಈಗ ಹೇಗಿದ್ದಾರೆ?”

“ಕೆಮ್ಮು ನಿಂತಿದೆ.”

“ತಪ್ಪು ನಂದೇ. ಮನೆ ನೋಡಿದ್ದು ರಜೆ ದಿನ. ಕೆಲಸದ ದಿನದ ಮನೇನ ನಾನು ನೋಡಲೇ ಇಲ್ಲ.”

ಜಗಳಕ್ಕೆ ಟೊಂಕ ಕಟ್ಟಿ ಬಂದವಳಿಗೆ ಎದುರಾಳಿಯೇ ಹೀಗೆ ಕೈಚೆಲ್ಲಿದರೆ ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಇನ್ನೂ ನಾಲ್ಕು ಮಾತು ಬಾಯಲ್ಲೇ ಉಳಿದಿದ್ದವು. ಆಗಲೇ ಅವಳ ಕಣ್ಣಿಗೆ ಕೌಂಟರಿನ ಮೇಲಿನ ಟೇಬಲ್ ಫ್ಯಾನ್ ಬಿತ್ತು. ಗಾಳಿ ಬರುತ್ತದೆಂದು ತೋರಿಸಲು ಉಳಿದ ಫ್ಯಾನುಗಳ ಜಾಲರಿಗೆಲ್ಲ ಬಣ್ಣದ ರಿಬ್ಬನ್ ಕಟ್ಟಿತ್ತು. ಇದೊಂದಕ್ಕೆ ಮಾತ್ರ ಹಳದಿ ದಾರ. ಅವಳು ಎಸೆದು ಹೋಗಿದ್ದ ಅದೇ ದಾರ.

“ಅದು ನನ್ನ ದಾರ,” ಅಂದಳು.

“ಹೌದು.”

“ಯಾರನ್ನ ಕೇಳಿ ಕಟ್ಕೊಂಡ್ರಿ?”

ಅವನು ಕೌಂಟರ್ ದಾಟಿ ಹೊರಗೆ ಬಂದ. ಗಂಡ ಹೆಂಡತಿಗೆ ಕೈಮುಗಿದು ಹೊರಗೆ ಕಳಿಸಿ, ಷಟರ್ ಎಳೆದು, ಏಣಿ ಹೆಗಲಿಗೇರಿಸಿದ. ದಾರಿಯುದ್ದಕ್ಕೂ ಸೂಜಿ ಮುಂದೆ, ಅವನು ಹಿಂದೆ. ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ. ಏಣಿಯ ಸದ್ದು ಕೇಳಿಸದೆ ಹೋದಾಗ ಮಾತ್ರ ನಡಿಗೆ ನಿಧಾನ ಮಾಡಿದಳು.

ಮನೆಯಲ್ಲಿ ಅವನು ಇಸ್ತ್ರಿ ಕಾಯಿಸಲು ಹೇಳಿದ. ಮಿಷನ್ ಓಡಿಸಲು ಹೇಳಿದ. ಅಣ್ಣ ಚೀಲದ ಪಕ್ಕ ಕೈಕಟ್ಟಿ ನಿಂತು, “ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತು ಅನ್ನೋ ಹಾಗೆ, ನೀವಿಬ್ರೂ ಸೇರಿ ನಮ್ಮಮ್ಮನ್ನ ಮುಗಿಸ್ತೀರಿ,” ಅಂದ. ಗಾಳಿರಾಯ ಆ ಸೆಕೆಯಲ್ಲಿ ಮಧ್ಯಾಹ್ನದವರೆಗೂ ಇಸ್ತ್ರಿ ಮೇಜಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತ. ಅಂಗಿ ನೆಂದು ತೊಪ್ಪೆಯಾಯಿತು.

“ನಿಮ್ಮ ಅಂಗೈನ ನಂಬೋಕಾಗಲ್ಲ,” ಅಂದಳು ಸೂಜಿ. ದಾರದ ತುಂಡು ಹರಿದು ಒಂದೊಂದು ಬಾಗಿಲಿಗೂ ಇಳಿಬಿಟ್ಟಳು. ಅಡುಗೆಮನೆಯ ಹಿಂದಿನ ಓಣಿ ದಿನವಿಡೀ ನೆರಳು. ಎರಡೂ ಫ್ಯಾನ್ ಆರಿಸಿ ಅಲ್ಲಿನ ಕಿಟಕಿ ಪೂರ್ತಿ ತೆರೆದಾಗ ಅಡುಗೆಮನೆಯ ದಾರ ಮೆತ್ತಗೆ ಒಳಕ್ಕೆ ವಾಲಿತು.

“ಆ ಕಡೆಯಿಂದ ಬರಬೇಕು, ಈ ಕಡೆಗೆ ಹೋಗಬೇಕು,” ಅಂದಳು ಅವಳು.

“ಹೌದು. ಪೂರಾ ಉಲ್ಟಾ ಹಾಕಿದ್ದೀನಿ,” ಅಂದ ಅವನು.

ಅಡುಗೆಮನೆಯ ಎಕ್ಸಾಸ್ಟ್ ಬಿಚ್ಚಿ ಇಸ್ತ್ರಿ ಮೇಜಿನ ನೆತ್ತಿಗೆ, ಬೀದಿ ಕಡೆಯ ಗೋಡೆಗೆ ಹಾಕಿದ. ಗೋಡೆಯ ಫ್ಯಾನ್ ಬಿಚ್ಚಿ ಅದರ ಮುಖ ಬೀದಿ ಕಡೆಗೆ ತಿರುಗಿಸತೊಡಗಿದ. ಸ್ಕ್ರೂ ಹಿಡಿದುಕೊಂಡು ಏಣಿಯ ಬುಡದಲ್ಲಿ ನಿಂತ ಸೂಜಿ, ಅಣ್ಣನಿಗೆ ಕೇಳದಂತೆ ಪಿಸುಗುಟ್ಟಿದಳು, “ಒಂದು ಮಾತು ಹೇಳಿ. ವಾರದಲ್ಲಿ ಅಷ್ಟು ದಿನ ಇರುವಾಗ ರಜೆ ದಿನಾನೇ ಯಾಕೆ ಬಂದ್ರಿ?”

ಅವನು ಸ್ಕ್ರೂಡ್ರೈವರ್ ನಿಲ್ಲಿಸಿದ. “ಕೆಲಸದ ದಿನ ನೀವು ಮಿಷನ್ ಮೇಲಿಂದ ತಲೆ ಎತ್ತಲ್ಲ. ಎಷ್ಟೋ ಸಲ ಕಿಟಕಿ ಮುಂದೆ ಹಾದುಹೋಗಿದ್ದೀನಿ. ರಜೆ ದಿನ ಆದ್ರೆ... ಮಾತಾಡ್ತೀರಿ ಅಂತ.”

ಸೂಜಿಗೆ ಮೈಯೆಲ್ಲ ಉರಿದುಹೋಯಿತು. “ನಿಮ್ಮ ಮಾತಿನ ಚಪಲಕ್ಕೆ ನಮ್ಮ ದೊಡ್ಡಮ್ಮ ಕೆಮ್ಮಬೇಕಾಯ್ತಾ?”

“ಬೈರಿ. ಬೈಸ್ಕೊಳ್ಳೋಕೇ ಬಂದಿದ್ದೀನಿ.”

ಬೈಯಬೇಕೆಂದೇ ಬಾಯಿ ತೆರೆದಳು. ಅವನ ಹಣೆಯ ಬೆವರು ಜಾರಿ ಅವಳ ಕೈಯ ಮೇಲೆ ಬಿತ್ತು. ಒರೆಸಿಕೊಳ್ಳುವುದು ಮರೆತುಹೋಯಿತು.

ಎರಡೂ ಫ್ಯಾನ್ ತಿರುಗಿದವು. ಇಸ್ತ್ರಿಯ ಹಬೆ ನೆಟ್ಟಗೆ ಮೇಲೆದ್ದು ಬೀದಿಗೆ ಹೋಯಿತು. ಮೂರೂ ಬಾಗಿಲ ದಾರ ಒಂದೇ ಕಡೆಗೆ ವಾಲಿದವು. ಮಿಷನ್ ಓಡುತ್ತಲೇ ಇತ್ತು, ದೊಡ್ಡಮ್ಮ ಮಂಚದ ಮೇಲೆ ಎದ್ದು ಕೂತಳು, ಎದೆ ತುಂಬ ಉಸಿರೆಳೆದುಕೊಂಡಳು, ಕೆಮ್ಮಲಿಲ್ಲ. ಅಣ್ಣ ಅವಳ ಪಕ್ಕ ಬಹಳ ಹೊತ್ತು ಕೂತು ನೋಡಿದ. ಕೊನೆಗೆ ಚೀಲದಿಂದ ಶಾಲು ತೆಗೆದು ಅಮ್ಮನ ಕಾಲಿಗೆ ಹೊದಿಸಿ, “ಇಲ್ಲಿ ಚಳಿ ಆಗುತ್ತೆ,” ಅಂದ. ಸೂಜಿ ಮಿಷನ್ನಿನ ಹಿಂದೆ ಮುಖ ತಗ್ಗಿಸಿ ಅತ್ತಳು. ಅಳುವಾಗಲೂ ಸಿಟ್ಟಿನಿಂದಲೇ ಅತ್ತಳು.

ಅಣ್ಣ ಚಪ್ಪಲಿ ಮೆಟ್ಟಿ ಒಬ್ಬನೇ ಬೀದಿಗಿಳಿದ ಮೇಲೆ ಗಾಳಿರಾಯ ನಡುವಿನ ಕೋಣೆಯಲ್ಲಿ ಏಣಿ ಹತ್ತಿ ಗೋಡೆಯ ಫ್ಯಾನಿನ ಚೌಕಟ್ಟಿಗೆ ಕೊನೆಯ ಸ್ಕ್ರೂ ಬಿಗಿ ಮಾಡುತ್ತಿದ್ದ. ಬೀದಿ ಕಡೆಯ ಕೋಣೆಯಲ್ಲಿ ಸೂಜಿಗೆ ಫ್ಯಾನಿನೊಳಗಿಂದ ಒಂದು ದನಿ ಕೇಳಿಸಿತು. ಮಕ್ಕಳು ಫ್ಯಾನಿನ ಮುಂದೆ ಬಾಯಿಟ್ಟು ಕೂಗಿದ ಹಾಗೆ ತುಂಡು ತುಂಡಾಗಿ, ನಡುಗುತ್ತ ಬರುತ್ತಿತ್ತು.

“ನ-ನ-ನಗೆ ನೀ-ನೀ-ವು ಅಂದ್ರೆ ತುಂ-ತುಂ-ಬಾ ಇ-ಇ-ಷ್ಟ.”

ಕತ್ತರಿ ಅವಳ ಕೈಯಿಂದ ಮೇಜಿಗೆ ಬಿತ್ತು. ಎದ್ದು ಬಾಗಿಲಿಗೆ ಬಂದಳು. “ಇಷ್ಟು ದೊಡ್ಡ ಮಾತನ್ನ ಫ್ಯಾನಿಗೆ ಹೇಳ್ತಾರೇನ್ರೀ? ಮುಖ ನೋಡಿ ಹೇಳೋಕೆ ಧೈರ್ಯ ಇಲ್ವಾ?”

ಮಂಚದ ಮೇಲಿಂದ ದೊಡ್ಡಮ್ಮ ಕೈಚಾಚಿ ಸ್ವಿಚ್ಚು ಆರಿಸಿದಳು. ರೆಕ್ಕೆ ನಿಧಾನಕ್ಕೆ ನಿಂತಿತು. “ಈಗ ಹೇಳಪ್ಪ ಗಾಳಿರಾಯ. ಲೈನ್ ಕ್ಲಿಯರ್ ಇದೆ,” ಅಂದು ಶಾಲಿನ ಮುಸುಕೆಳೆದುಕೊಂಡು ಗೋಡೆಯ ಕಡೆ ಮಗ್ಗುಲಾದಳು. ಆ ಕಿವಿ ಮಲಗಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಅವನು ಏಣಿ ಇಳಿದು ಅವಳೆದುರು ನಿಂತು ಅದೇ ಮಾತು ಹೇಳಿದ. ದನಿ ಈಗಲೂ ನಡುಗುತ್ತಿತ್ತು, ಫ್ಯಾನಿನ ನೆಪ ಮಾತ್ರ ಇರಲಿಲ್ಲ.

ಸೂಜಿ ಸೋಲುವವಳಲ್ಲ. “ರಜೆ ದಿನದ ಮನೆ ನೋಡಿ ಫ್ಯಾನ್ ಹಾಕಿದ್ರಿ. ಏನಾಯ್ತು? ರಜೆ ದಿನದ ನನ್ನ ನೋಡಿ ಮನಸ್ಸು ಮಾಡಿದ್ರೆ ಅದೂ ಉಲ್ಟಾನೇ ಆಗೋದು. ಕೆಲಸದ ದಿನ ನಾನು ಹೀಗೇ. ಬೆವರು, ಧೂಳು, ಬೈಗುಳ.”

“ಬೆಳಿಗ್ಗೆ ಅಂಗಡೀಲಿ ಎಲ್ಲಾನೂ ನೋಡ್ದೆ,” ಅಂದ ಅವನು. “ನೋಡಿದ ಮೇಲೇ ಹೇಳ್ತಿರೋದು.”

ಸೂಜಿ ಕೊರಳಿನ ಟೇಪನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. “ನಾಳೆಯೂ ಕೆಲಸದ ದಿನ. ನಾಳೆಯೂ ಹಾಗೇ ಅನ್ಸಿದ್ರೆ ಬಂದು ಹೇಳಿ,” ಅಂದಳು.

“ಗಾಳಿ ಬಂದಾಗ ತೂರಿಕೊಳ್ಳೇ, ನಾಳೆ ಯಾಕೆ,” ಅಂದಿತು ಗೋಡೆಯ ಕಡೆ ಮಗ್ಗುಲಾಗಿದ್ದ ಮುಸುಕು.

ಮಾರನೆಯ ದಿನ ಅವನು ಬರುವ ಹೊತ್ತಿಗೆ ಇಸ್ತ್ರಿ ಕಾದಿತ್ತು, ಮಿಷನ್ ಓಡುತ್ತಿತ್ತು, ಬಾಗಿಲಿಗೆ ಇಳಿಬಿಟ್ಟ ದಾರಗಳು ಒಂದೇ ದಿಕ್ಕಿಗೆ ವಾಲಿದ್ದವು. ಸೂಜಿಯ ಕೂದಲಲ್ಲಿ ಕೆಂಪು ದಾರದ ಚೂರುಗಳು, ಬಾಯಲ್ಲಿ ಗುಂಡುಪಿನ್ನು. ಅವನು ಹೊಸ್ತಿಲಲ್ಲೇ ನಿಂತು ಹೇಳಬೇಕಾದ ಮಾತನ್ನು ಇನ್ನೊಮ್ಮೆ ಹೇಳಿದ. ಅವಳು ತಲೆ ಎತ್ತಿದಳು. ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು.

“ಇಷ್ಟು ತಡವಾಗಾ ಬರೋದು?” ಅಂದಳು ಸಿಟ್ಟಿನಿಂದ. “ಬೆಳಗಿಂದ ಕಾಯ್ತಾ ಇದ್ದೀನಿ.”