ಸುವಾರ್ತ ಕತ್ತೆ ಏರಿದ ಭಾನುವಾರ

"ಅಯ್ಯಯ್ಯೋ, ಎಳೀಬ್ಯಾಡವ್ವಾ!"

"ಎಳ್ಯಂಗಿಲ್ಲ, ಸುಮ್ನಿರು. ಎಳದ್ರ ಹರೀತದ. ದಿನಕ್ಕ ಒಂದs ಸುತ್ತು."

ಸುವಾರ್ತಳ ಪಾದದ ಹುಣ್ಣಿನಿಂದ ನಾರುಹುಳು ಇಣುಕುತ್ತಿತ್ತು. ಅವ್ವ ಅದನ್ನು ಪೊರಕೆ ಕಡ್ಡಿಗೆ ಮೆಲ್ಲಗೆ ಒಂದು ಸುತ್ತು ಸುತ್ತಿ ಬಟ್ಟೆ ಕಟ್ಟಿದಳು.

ನೋವಿಗಿಂತ ನಾಚಿಕೆಯೇ ಹೆಚ್ಚಾಗಿತ್ತು. ಸೋಸದ ನೀರು ಕುಡಿದರೆ ನಾರುಹುಳು ಬರುತ್ತದೆ ಎಂದು, ಮದ್ರಾಸಿನಿಂದ ಬಂದ ಚಾರ್ಟು ತೋರಿಸಿ ರಾಯದುರ್ಗದ ಮಿಷನ್ ಸ್ಕೂಲಿಗೆಲ್ಲ ಪಾಠ ಹೇಳಿದವಳು ಇವಳೇ. ಹೋದ ವರ್ಷ ಜೊತೆಗೆ ಓದುವ ಮೂಕಮ್ಮನ ಕಾಲಲ್ಲಿ ನಾರು ಎದ್ದಾಗ, "ಗಲೀಜು ಮೂಕಿ, ದೂರ ಕೂಡು!" ಎಂದು ಕ್ಲಾಸನ್ನೆಲ್ಲ ನಗಿಸಿದವಳೂ ಇವಳೇ. ಅದೇ ಬೇಸಿಗೆಯಲ್ಲಿ ಆಡಿ ಆಡಿ ಬಾಯಾರಿ, ಮೆಟ್ಟಿಲ ಬಾವಿಯಲ್ಲಿ ಎರಡು ಬೊಗಸೆ ನೀರು ಕುಡಿದದ್ದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಈಗ ಕಾಲೇ ಹೇಳಿಬಿಟ್ಟಿತ್ತು.

ಇವತ್ತು ಗರಿಗಳ ಭಾನುವಾರ. ಯೇಸುಸ್ವಾಮಿ ಕತ್ತೆಯ ಮೇಲೆ ಯೆರೂಸಲೇಮಿಗೆ ಬಂದಾಗ ಜನ ಗರಿ ಹಿಡಿದು ಎದುರುಗೊಂಡ ದಿನ. ಪೇಟೆ ಬೀದಿಯಲ್ಲಿ ಎಲ್ಲರಿಗಿಂತ ಮುಂದೆ, ಎಲ್ಲಕ್ಕಿಂತ ಉದ್ದನೆಯ ಈಚಲ ಗರಿ ಹಿಡಿದು ಸುವಾರ್ತ ಹಾಡುತ್ತ ನಡೆಯಬೇಕಿತ್ತು. ಒಂದು ತಿಂಗಳಿಂದ ಅವಳಿಗೆ ಅದೇ ಕನಸು. ಈಗ ನಾಲ್ಕು ಹೆಜ್ಜೆ ಇಡಲಾರಳು. ಅಳು ಉಕ್ಕಿ ಬಂತು.

ಅಷ್ಟರಲ್ಲಿ ಬಾಗಿಲಲ್ಲಿ ಮೂಕಮ್ಮ ಬಂದು ನಿಂತಳು. ಅವಳಪ್ಪ ಊರವರ ಬಟ್ಟೆ ಒಗೆಯುವವನು. ಬಟ್ಟೆ ಮೂಟೆ ಹೊರುವ ಕತ್ತೆಯನ್ನು ಅವಳು ಹಿಡಿದು ತಂದಿದ್ದಳು.

"ಏಳು ಸುವಾರ್ತ. ಇದರ ಮ್ಯಾಲ ಕೂಡು. ಮುಂದ ನಾ ಹಿಡಕೊಂತೀನಿ."

"ಕತ್ತಿ ಮ್ಯಾಲ? ಕಳ್ಳರನ್ನ ಕೂಡ್ಸಿ ಊರೆಲ್ಲಾ ತಿರುಗಿಸ್ತಾರಲ್ಲ, ಹಂಗಾ? ಎಲ್ರೂ ನಗ್ತಾರ!"

ಮೂಕಮ್ಮ ಕಣ್ಣು ಪಿಳಿಪಿಳಿ ಬಿಟ್ಟಳು. "ನಿಮ್ಮ ಸ್ವಾಮಿ ಕತ್ತಿ ಮ್ಯಾಲ ಬಂದ ಅಂತ ನೀನs ಕತಿ ಹೇಳಿದ್ದೆಲ್ಲ? ಅವನ್ನ ನೋಡಿ ಯಾರೂ ನಗಲಿಲ್ಲೇನು?"

ಸುವಾರ್ತ ಪಕ್ಕದಲ್ಲಿ ನಿಂತಿದ್ದ ಅಪ್ಪನತ್ತ ನೋಡಿದಳು. ಅಪ್ಪ ಚರ್ಚಿನ ಉಪದೇಶಿ. ಅವನು ಮೀಸೆಯಲ್ಲೇ ನಕ್ಕ. "ನಕ್ಕಿರಬೇಕವ್ವ, ಕೆಲವರು."

ಸುವಾರ್ತ ಕಣ್ಣೊರೆಸಿಕೊಂಡಳು. ಆಮೇಲೆ, ಎತ್ತಿ ಕೂರಿಸೆಂದು ಅಪ್ಪನ ಕಡೆ ಎರಡೂ ಕೈ ಚಾಚಿದಳು.

ಪೇಟೆಯಲ್ಲಿ ನಿಜವಾಗಿಯೂ ನಕ್ಕರು. ಅಂಗಡಿಯ ಲಕ್ಷ್ಮೀನರಸಪ್ಪ ಶೆಟ್ಟರು ಗಲ್ಲಾ ಬಿಟ್ಟು ಎದ್ದು ಬಂದರು. "ಏನು ಕದ್ದೀಯವ್ವ, ಕತ್ತಿ ಮ್ಯಾಲ ಕೂಡ್ಸ್ಯಾರ?"

ಸುವಾರ್ತಳ ಕಿವಿ ಬಿಸಿಯಾಯಿತು. ಆದರೂ ಬಾಯಿಗೆ ಬಂದದ್ದನ್ನು ಅಂದೇಬಿಟ್ಟಳು. "ಎರಡು ಬೊಗಸಿ ನೀರ್ರಿ ಶೆಟ್ರ! ಮೆಟ್ಲ ಬಾವಿದು! ಸೋಸಲಾರದ ಕುಡದೆ!"

ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ಸುವಾರ್ತಳಿಗೂ ನಗು ಬಂತು. ಹೇಳಿದ ಮೇಲೆ ಎಷ್ಟು ಹಗುರ!

ನಗು ಇಳಿದ ಮೇಲೆ ಕೆಳಗೆ ನೋಡಿದಳು. ಮುಂದೆ ನಡೆಯುತ್ತಿದ್ದ ಮೂಕಮ್ಮನ ಹಿಮ್ಮಡಿಯ ಪಕ್ಕ ಹಳೆಯ ಗಾಯದ ಗುರುತು ಕಾಣಿಸಿತು.

"ನಿನಗೂ ಇಷ್ಟು ನೋವಾಗಿತ್ತೇನು?"

"ಹೂಂ."

"ಆಗ ನಾ ನಕ್ಕಿದ್ದೆ."

"ಅದು ಇನ್ನಾ ಬಾಳ ನೋವಾಗಿತ್ತು," ಎಂದಳು ಮೂಕಮ್ಮ, ತಿರುಗದೆ.

"ತಪ್ಪಾತು ಮೂಕಮ್ಮ." ಸುವಾರ್ತ ಬಗ್ಗಿ, ಕೈಯಲ್ಲಿದ್ದ ಉದ್ದನೆಯ ಗರಿಯನ್ನು ಅವಳತ್ತ ನೀಡಿದಳು. "ಇದನ್ನ ನೀನs ಹಿಡಕೊ. ಎಲ್ರಿಗಿಂತ ಮುಂದ ನಡಿಯಾಕಿ ನೀನಲ್ಲೇನು?"

"ನನಗ ಹಾಡು ಬರಂಗಿಲ್ಲ."

"ನಾ ಹಾಡ್ತೀನಿ. ನಿನ್ನ ಹಿಂದ."

ಮೂಕಮ್ಮ ಗರಿ ಎತ್ತಿ ಹಿಡಿದಳು. ಸುವಾರ್ತ ಗಂಟಲು ಬಿಚ್ಚಿ ಹಾಡತೊಡಗಿದಳು. ಕತ್ತೆ ಮಾತ್ರ ಕತ್ತು ಚಾಚಿ ಚಾಚಿ, ಆ ಗರಿಯ ತುದಿಯನ್ನು ತಿನ್ನಲು ನೋಡುತ್ತಿತ್ತು.